ಓದುಗರ ಪ್ರಶ್ನೆ: ಅಪ್ಪನಿಗೆ 88, ನೋಡಿಕೊಳ್ಳುವ ಮಗನಿಗೆ 62

ಹೋದ ಸಂಚಿಕೆಯಲ್ಲಿ ಕಾಸರಗೋಡಿನ ಕಡೆಯ ಹಿರಿಯರ ಬಗ್ಗೆ ನಾಲ್ಕು ಸಾಲು ಬರೆದು, ವಯಸ್ಸಾಗುವುದರ ಬಗ್ಗೆ ಏನಾದರೂ ಕೇಳುವುದಿದ್ದರೆ ಕೇಳಿ ಎಂದಿದ್ದೆವು. ಪತ್ರಗಳು ಎರಡು ಥರದವು ಬಂದಿವೆ. ಜಾಸ್ತಿ ಬದುಕುವುದು ಹೇಗೆ ಎಂದು ಕೇಳುವವು ಒಂದು ಕಡೆ, ಜಾಸ್ತಿ ಬದುಕಿದವರನ್ನು ನೋಡಿಕೊಳ್ಳುವುದು ಹೇಗೆ ಎಂದು ಕೇಳುವವು ಇನ್ನೊಂದು ಕಡೆ. ಎರಡನೆಯವರಿಗೆ ಹೆಚ್ಚು ಜಾಗ ಕೊಟ್ಟಿದ್ದೇನೆ, ಮೊದಲನೆಯವರು ಬೇಜಾರು ಮಾಡಿಕೊಳ್ಳಬೇಡಿ. ಹಲವರು ಕೇಳಿಕೊಂಡಿದ್ದರಿಂದ ಯಾರ ಹೆಸರನ್ನೂ ಹಾಕಿಲ್ಲ, ಊರು ಮಾತ್ರ ಉಂಟು.

ಪ್ರಶ್ನೆ: ನನಗೆ 46. ಅಪ್ಪ 71ಕ್ಕೆ ಹೋದರು, ಅಜ್ಜ 60 ದಾಟಲಿಲ್ಲ. ನಮ್ಮ ಊರಿನ ಕಡೆಯವರೇ ಆದ ಕಯ್ಯಾರ ಕಿಞ್ಞಣ್ಣ ರೈಗಳು ನೂರು ತುಂಬಿಸಿಯೇ ಹೋದರು. ಅಂಥವರ ಗುಟ್ಟು ಏನು? ವಿಡಿಯೋಗಳಲ್ಲಿ ಜಪಾನಿನ ಯಾವುದೋ ದ್ವೀಪದ ಊಟ ತೋರಿಸುತ್ತಾರೆ, ಅದನ್ನು ಮಾಡಿದರೆ ಆದೀತೇ? (ಬದಿಯಡ್ಕ)

ಉತ್ತರ: ಕಯ್ಯಾರರು ಹುಟ್ಟಿದ್ದು 1915ರ ಜೂನ್ 8ರಂದು, ತೀರಿಕೊಂಡದ್ದು 2015ರ ಆಗಸ್ಟ್ 9ರಂದು. ನೂರು ವರ್ಷ, ಮೇಲೆ ಎರಡು ತಿಂಗಳು. ಮಾಷ್ಟ್ರಾಗಿದ್ದರು, ಕೃಷಿ ಮಾಡಿದರು, ಬರೆದರು, ಕಾಸರಗೋಡು ಕರ್ನಾಟಕಕ್ಕೆ ಸೇರಬೇಕು ಎಂಬ ಹಠವನ್ನು ಕೊನೆಯವರೆಗೂ ಬಿಡಲಿಲ್ಲ. ದುಡಿಮೆ ಮತ್ತು ಹಠವೇ ಗುಟ್ಟು ಅಂತ ಹೇಳಿಬಿಡಬಹುದು. ಆದರೆ ಅಷ್ಟೇ ದುಡಿದು, ಅಷ್ಟೇ ಹಠ ಹಿಡಿದು 65ಕ್ಕೆ ಹೋದವರು ಎಷ್ಟು ಮಂದಿ ಇಲ್ಲ! ಅವರನ್ನು ಯಾರೂ ಸಂದರ್ಶನ ಮಾಡುವುದಿಲ್ಲ. ನೂರು ದಾಟಿದವರನ್ನು ಮಾತ್ರ ಮಾತಾಡಿಸಿದರೆ ಅವರು ಮಾಡಿದ್ದೆಲ್ಲ ಗುಟ್ಟಾಗಿಯೇ ಕಾಣುತ್ತದೆ.

ಫ್ರಾನ್ಸಿನ ಜಾನ್ ಕಾಲ್ಮಾಂ ಎಂಬ ಹೆಂಗಸು 1875ರಲ್ಲಿ ಹುಟ್ಟಿ 1997ರವರೆಗೆ, 122 ವರ್ಷ ಬದುಕಿದರು. ದಾಖಲೆ ಇರುವವರಲ್ಲಿ ಅವರೇ ಎಲ್ಲರಿಗಿಂತ ಹಿರಿಯರು. ಅವರು ಸಿಗರೇಟು ಬಿಟ್ಟದ್ದು ಸುಮಾರು 117ರ ಹೊತ್ತಿಗೆ! ಹಾಗಂತ ನಾವೂ ಹಚ್ಚಿಕೊಳ್ಳಲು ಆಗುತ್ತದೆಯೇ? ನಮ್ಮ ನಿಘಂಟು ತಜ್ಞ ಜಿ. ವೆಂಕಟಸುಬ್ಬಯ್ಯನವರು 107 ವರ್ಷ ಇದ್ದರು. ಪತ್ರಿಕೆಯಲ್ಲಿ ಓದುಗರ ಸಂಶಯಗಳಿಗೆ ಉತ್ತರ ಬರೆಯುವ ಅಂಕಣವನ್ನು ಅವರೂ ವರ್ಷಗಟ್ಟಲೆ ನಡೆಸಿದ್ದರು. ಅದರಿಂದಲೇ ಆಯುಷ್ಯ ಬಂತು ಅನ್ನುವುದಾದರೆ ನನಗೆ ತುಂಬಾ ಖುಷಿ.

ಜಪಾನಿನ ವಿಷಯಕ್ಕೆ ಬರೋಣ. 2010ರಲ್ಲಿ ಟೋಕಿಯೋದ ಅಧಿಕಾರಿಗಳು 111 ವರ್ಷದ ಅಜ್ಜನೊಬ್ಬರನ್ನು ಅಭಿನಂದಿಸಲು ಹೋದರೆ, ಅವರು ತೀರಿಕೊಂಡು ಆಗಲೇ ಸುಮಾರು 30 ವರ್ಷ ಆಗಿತ್ತು. ಮನೆಯವರು ಪಿಂಚಣಿ ತೆಗೆದುಕೊಳ್ಳುತ್ತಲೇ ಇದ್ದರು. ಆಮೇಲೆ ದೇಶದ ದಾಖಲೆಗಳನ್ನೆಲ್ಲ ತಡಕಿದಾಗ, ಕಾಗದದಲ್ಲಿ ನೂರು ದಾಟಿ ಬದುಕಿದ್ದು ಎಲ್ಲಿದ್ದಾರೆಂದೇ ಗೊತ್ತಿಲ್ಲದವರ ಲೆಕ್ಕ 2,30,000ಕ್ಕೂ ಮೇಲೆ ಹೋಯಿತು. ಸಾಲ್ ನ್ಯೂಮನ್ ಎಂಬ ಸಂಶೋಧಕರು ಇದೇ ಜಾಡು ಹಿಡಿದು, ನೂರು ದಾಟಿದವರು ವಿಪರೀತ ಜಾಸ್ತಿ ಸಿಗುವ ಜಾಗಗಳಲ್ಲಿ ಜನನ ದಾಖಲೆಯೇ ಸರಿ ಇರುವುದಿಲ್ಲ ಎಂದು ತೋರಿಸಿದರು. 2024ರಲ್ಲಿ ಅದಕ್ಕೆ ಇಗ್ನೊಬೆಲ್ ಎಂಬ ತಮಾಷೆಯ ಪ್ರಶಸ್ತಿಯೂ ಬಂತು. ತಮಾಷೆ ಪ್ರಶಸ್ತಿಯದು, ವಿಷಯ ಮಾತ್ರ ಗಂಭೀರದ್ದೇ. ಜಪಾನಿನವರು ಹೆಚ್ಚು ಬದುಕುತ್ತಾರೆ ಎಂಬುದು ಸುಳ್ಳಲ್ಲ. ಒಂದು ದ್ವೀಪದ ಗೆಣಸು ತಿಂದರೆ ನೂರು ವರ್ಷ ಎನ್ನುವ ವಿಡಿಯೋ ಮಾತ್ರ ವ್ಯಾಪಾರ.

ವಂಶದ ಹೆದರಿಕೆಯನ್ನೂ ಸ್ವಲ್ಪ ಇಳಿಸಿಕೊಳ್ಳಿ. ಡೆನ್ಮಾರ್ಕಿನಲ್ಲಿ ಅವಳಿಗಳ ಆಯುಷ್ಯ ನೋಡಿ ಮಾಡಿದ ಹಳೆಯ ಲೆಕ್ಕದಲ್ಲಿ ವಂಶದ ಪಾಲು ಸುಮಾರು ಕಾಲು ಭಾಗ ಅಷ್ಟೇ. ಅಪ್ಪ ಯಾವುದರಿಂದ ಹೋದರು ಎಂದು ನೀವು ಬರೆದಿಲ್ಲ. ಹೃದಯದ ತೊಂದರೆಯೋ, ಸಕ್ಕರೆ ಕಾಯಿಲೆಯೋ ಆಗಿದ್ದರೆ 46 ಎಂಬುದು ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್ ಪರೀಕ್ಷೆಗೆ ಸರಿಯಾದ ವಯಸ್ಸು. ಹೊಗೆಸೊಪ್ಪು ಇದ್ದರೆ ಇಂದೇ ಬಿಡಿ. ಇನ್ನೊಂದು ಮಾತು, ಅಡಿಕೆ ಬೆಳೆಗಾರರು ಬೈದರೂ ಸರಿ: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗದವರು ಹೊಗೆಸೊಪ್ಪಿಲ್ಲದ ಬರೀ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿ ಬಹಳ ವರ್ಷವಾಯಿತು. ಬೆಳೆಯಿರಿ, ಮಾರಿ, ಬಾಯಿಗೆ ಕಡಿಮೆ ಹಾಕಿ.

ಪ್ರಶ್ನೆ: ಅಪ್ಪನಿಗೆ 80 ತುಂಬಿತು. ಸಹಸ್ರಚಂದ್ರ ದರ್ಶನ ಶಾಂತಿ ಮಾಡಬೇಕು ಎಂದು ಭಟ್ಟರು ಹೇಳುತ್ತಾರೆ. ನೆರೆಮನೆಯ ಮಲಯಾಳಿ ಮಾಷ್ಟ್ರು ಅದು 84ಕ್ಕೆ ಎನ್ನುತ್ತಾರೆ. ಯಾರದ್ದು ಸರಿ? (ಪೆರ್ಲ)

ಉತ್ತರ: ಇಬ್ಬರದ್ದೂ ಸಾವಿರ ಹುಣ್ಣಿಮೆಯ ಲೆಕ್ಕವೇ. ವರ್ಷಕ್ಕೆ 12 ಹುಣ್ಣಿಮೆ ಎಂದು ಹಿಡಿದರೆ 84 ವರ್ಷಕ್ಕೆ 1008 ಆಗುತ್ತದೆ. ಕೇರಳದಲ್ಲಿ ಶತಾಭಿಷೇಕ ಮಾಡುವುದು 84ಕ್ಕೆ. ಆದರೆ ಹುಣ್ಣಿಮೆಯಿಂದ ಹುಣ್ಣಿಮೆಗೆ 29 ದಿನ, ಮೇಲೆ ಅರ್ಧ ದಿನಕ್ಕಿಂತ ಚೂರು ಜಾಸ್ತಿ. ಹಾಗಾಗಿ ಕೆಲವು ವರ್ಷಗಳಲ್ಲಿ 13 ಹುಣ್ಣಿಮೆ ಬೀಳುತ್ತದೆ, ನಮ್ಮ ಅಧಿಕಮಾಸ ಬರುವುದೂ ಇದೇ ಕಾರಣಕ್ಕೆ, 19 ವರ್ಷಕ್ಕೆ 7 ಸಲ. ಅವನ್ನೂ ಸೇರಿಸಿದರೆ ಸಾವಿರ ಹುಣ್ಣಿಮೆ 80 ವರ್ಷ 10 ತಿಂಗಳ ಹೊತ್ತಿಗೇ ಮುಗಿಯುತ್ತದೆ. ಭಟ್ಟರು 80 ವರ್ಷ ಎಂಟು ತಿಂಗಳು ಎಂದರೆ ಎರಡು ತಿಂಗಳಿಗಾಗಿ ಅವರ ಹತ್ತಿರ ಜಗಳಕ್ಕೆ ಹೋಗಬೇಡಿ. ಆಕಾಶದ ಲೆಕ್ಕಕ್ಕೆ ಭಟ್ಟರ ಮಾತು ಹತ್ತಿರ. ಇನ್ನು ಮಾಷ್ಟ್ರ ಮಾತನ್ನೂ ಬಿಡಬೇಕಾಗಿಲ್ಲ, 84ಕ್ಕೆ ಇನ್ನೊಂದು ಸಲ ಪಾಯಸ ಮಾಡಿ. ಆದರೆ ಹೋಮದ ಹೊಗೆಯ ಎದುರು ಅಪ್ಪನನ್ನು ಬೆಳಗ್ಗಿನಿಂದ ಮಧ್ಯಾಹ್ನದವರೆಗೆ ಬರೀ ಹೊಟ್ಟೆಯಲ್ಲಿ ಕೂರಿಸಬೇಡಿ. ಸಕ್ಕರೆಯ ಮಾತ್ರೆ ತೆಗೆದುಕೊಳ್ಳುವವರಾದರೆ ಅದು ಅಪಾಯ. ಭಟ್ಟರಿಗೆ ಮೊದಲೇ ಹೇಳಿಟ್ಟರೆ ಅವರೇ ದಾರಿ ಮಾಡುತ್ತಾರೆ.

ಪ್ರಶ್ನೆ: ಸ್ವಾತಂತ್ರ್ಯ ಬಂದಾಗ ನಮ್ಮವರ ಸರಾಸರಿ ಆಯುಷ್ಯ 32 ಎಂದು ಮಗಳ ಪಾಠದಲ್ಲಿದೆ. ನನ್ನ ಮುತ್ತಜ್ಜ 90 ದಾಟಿದ್ದರಂತೆ. ಹಿಂದಿನವರು ಗಟ್ಟಿ ಎಂದು ಎಲ್ಲರೂ ಹೇಳುವುದು ಸುಳ್ಳಾ? (ಮಂಜೇಶ್ವರ)

ಉತ್ತರ: ಸರಾಸರಿ 32 ಎಂದರೆ ಎಲ್ಲರೂ 32ಕ್ಕೆ ಸಾಯುತ್ತಿದ್ದರು ಎಂದಲ್ಲ. ಹತ್ತು ಹೆತ್ತರೆ ನಾಲ್ಕೈದು ಉಳಿಯುತ್ತಿದ್ದ ಕಾಲ ಅದು. ಒಂದು ಮಗು ಹುಟ್ಟಿದ ವಾರಕ್ಕೇ ಹೋಗಿ ಇನ್ನೊಬ್ಬರು 64 ವರ್ಷ ಬದುಕಿದರೂ ಸರಾಸರಿ 32 ಬಂತಲ್ಲ. ಬಾಲ್ಯ ದಾಟಿದವರು, ಬಾಣಂತನ ದಾಟಿದವರು ಆಗಲೂ 70, 80 ಕಾಣುತ್ತಿದ್ದರು. ನಿಮ್ಮ ಮುತ್ತಜ್ಜ ಗಟ್ಟಿಯೇ ಇದ್ದಿರಬೇಕು. ಅವರ ತಮ್ಮ ತಂಗಿಯರಲ್ಲಿ ಎಷ್ಟು ಜನ ಸಣ್ಣದರಲ್ಲೇ ಹೋದರು ಎಂದು ಮನೆಯ ಹಿರಿಯರನ್ನು ಕೇಳಿ ನೋಡಿ.

ಈಗ ಕೇರಳದಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ ವರ್ಷದೊಳಗೆ ಸಾಯುವುದು ಐದು, ದೇಶದ ಲೆಕ್ಕದಲ್ಲಿ 25. ಇದು 2023ರ ಸರಕಾರಿ ಅಂಕಿ. 2016–20ರ ಲೆಕ್ಕದಲ್ಲಿ ಕೇರಳದ ಸರಾಸರಿ ಆಯುಷ್ಯ 75, ದೇಶದ್ದು 70. ಸೂಲಗಿತ್ತಿಯ ಬದಲು ಆಸ್ಪತ್ರೆ, ಚುಚ್ಚುಮದ್ದು, ಕುದಿಸಿದ ನೀರು, ಓದು ಬಲ್ಲ ಅಮ್ಮಂದಿರು, ಇವಿಷ್ಟೇ ಇದರ ಹಿಂದಿನ ದೊಡ್ಡ ಕಾರಣಗಳು. ಇದರ ಇನ್ನೊಂದು ಮುಖವೂ ಉಂಟು. 2021ರ ಅಂದಾಜಿನಲ್ಲಿ ಕೇರಳದ ನೂರು ಜನರಲ್ಲಿ 16ಕ್ಕಿಂತ ಜಾಸ್ತಿ ಮಂದಿ 60 ದಾಟಿದವರು, ದೇಶದಲ್ಲಿ ಇದೇ ಎಲ್ಲಕ್ಕಿಂತ ಹೆಚ್ಚು. ಜೊತೆಗೆ ಮಕ್ಕಳೆಲ್ಲ ಗಲ್ಫಿನಲ್ಲಿ, ಬೆಂಗಳೂರಿನಲ್ಲಿ. ಮುಂದಿನ ಪತ್ರಗಳೆಲ್ಲ ಅಲ್ಲಿಂದಲೇ ಹುಟ್ಟಿದವು.

ಪ್ರಶ್ನೆ: ಆಟಿ ಅಮಾವಾಸ್ಯೆಗೆ ಹಾಲೆಮರದ ಕೆತ್ತೆಯ ಕಷಾಯ ಕುಡಿದರೆ ಆಯುಷ್ಯ ಹೆಚ್ಚುತ್ತದಾ? (ಕುಂಬಳೆ)

ಉತ್ತರ: ಹೆಚ್ಚುತ್ತದೋ ಇಲ್ಲವೋ, ಕತ್ತಲಲ್ಲಿ ಹೋಗಿ ಹಾಲೆಯ ಬದಲು ವಿಷದ ಮರವಾದ ಕಾಸರಕದ ಕೆತ್ತೆ ತಂದರೆ ಖಂಡಿತ ಕಡಿಮೆಯಾಗುತ್ತದೆ. ಮರವನ್ನು ಹಿಂದಿನ ದಿನ ಬೆಳಕಿರುವಾಗಲೇ ಗುರುತು ಮಾಡಿಡಿ. ಕಷಾಯದ ಮೇಲೆ ಮೆಂತೆ ಗಂಜಿ ಮರೆಯಬೇಡಿ.

ಪ್ರಶ್ನೆ: ನಮಗೆ 74 ಮತ್ತು 69. ಮೂರು ಎಕ್ರೆ ತೋಟ, ಹಳೆಯ ಮನೆ. ಮಗ ಬೆಂಗಳೂರಿನಲ್ಲಿ, ಮಗಳು ದುಬೈಯಲ್ಲಿ. ಈಗಲೇ ದಾನಪತ್ರ ಮಾಡಿಬಿಡಿ, ಮತ್ತೆ ತಾಪತ್ರಯ ಬೇಡ ಎಂದು ಮಗ ಹೇಳುತ್ತಾನೆ. ಅವನು ಕೆಟ್ಟವನಲ್ಲ. ಆದರೂ ರಾತ್ರಿ ನಿದ್ದೆ ಬರುವುದಿಲ್ಲ. (ಮುಳ್ಳೇರಿಯ)

ಉತ್ತರ: ಅಣ್ಣ, ನಿದ್ದೆ ಬಾರದಿರುವುದಕ್ಕೆ ಕಾರಣ ಉಂಟು, ಹಾಗಾಗಿ ಈ ತಿಂಗಳು ಸಹಿ ಹಾಕಬೇಡಿ. ಮಗ ಕೆಟ್ಟವನಲ್ಲ ಎಂಬುದನ್ನು ನಂಬುತ್ತೇನೆ. ಆದರೆ ಕೆಲಸ ಹೋಗುವುದು, ಸಾಲ ಆಗುವುದು, ಸಂಸಾರದಲ್ಲಿ ಬಿರುಕು ಬರುವುದು ಒಳ್ಳೆಯವರಿಗೂ ಆಗುತ್ತದೆ, ಆಗ ತೋಟ ಅವನ ಹೆಸರಿನಲ್ಲಿದ್ದರೆ ಬ್ಯಾಂಕಿನವರು ನಿಮ್ಮ ಮುಖ ನೋಡುವುದಿಲ್ಲ.

ದಾನಪತ್ರ ರಿಜಿಸ್ಟ್ರಿ ಆದ ಕೂಡಲೇ ಆಸ್ತಿ ಅವನದು. ವೀಲುನಾಮೆ, ಅಂದರೆ ಉಯಿಲು ಆದರೆ ನೀವು ಇರುವಷ್ಟು ದಿನ ಆಸ್ತಿ ನಿಮ್ಮದೇ, ಮನಸ್ಸು ಬದಲಾದರೆ ಹೊಸದು ಬರೆಯಬಹುದು, ಇಬ್ಬರು ಸಾಕ್ಷಿ ಸಾಕು. ನೋಂದಣಿ ಕಡ್ಡಾಯ ಅಲ್ಲ, ಮಾಡಿಸಿದರೆ ಒಳ್ಳೆಯದು. ದಾನಪತ್ರವೇ ಆಗಬೇಕೆಂದಾದರೆ ಎರಡು ವಿಷಯ ಅದರೊಳಗೆ ಬರೆದಿರಲೇಬೇಕು. ಒಂದು, ನಿಮ್ಮಿಬ್ಬರಿಗೂ ಜೀವ ಇರುವವರೆಗೆ ಮನೆಯಲ್ಲಿ ವಾಸಿಸುವ, ತೋಟದ ಉತ್ಪತ್ತಿ ತೆಗೆದುಕೊಳ್ಳುವ ಹಕ್ಕು. ಇನ್ನೊಂದು, ಮಗ ನಿಮ್ಮ ಊಟ, ಬಟ್ಟೆ, ಔಷಧಿ, ಆರೈಕೆ ನೋಡಿಕೊಳ್ಳಬೇಕು ಎಂಬ ಷರತ್ತು. "ಪ್ರೀತಿ ವಿಶ್ವಾಸದಿಂದ ಕೊಟ್ಟಿದ್ದೇನೆ" ಎಂಬ ಮಾಮೂಲು ಸಾಲು ಸಾಲದು.

ಯಾಕೆಂದರೆ 2007ರಲ್ಲಿ ಬಂದ ಹೆತ್ತವರ ಮತ್ತು ಹಿರಿಯ ನಾಗರಿಕರ ಪಾಲನೆಯ ಕಾನೂನಿನ 23ನೇ ಕಲಂ ಈ ಷರತ್ತಿನ ಮೇಲೆಯೇ ನಿಂತಿದೆ. ನೋಡಿಕೊಳ್ಳದಿದ್ದರೆ ಆ ದಾನಪತ್ರವನ್ನು ರದ್ದು ಮಾಡಿಸಬಹುದು. ಷರತ್ತು ಇಲ್ಲದಿದ್ದರೆ ಈ ಕಲಂ ಉಪಯೋಗಕ್ಕೆ ಬರುವುದಿಲ್ಲ ಎಂದು 2022ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿತ್ತು. 2025ರ ಜನವರಿಯ ಇನ್ನೊಂದು ತೀರ್ಪಿನಲ್ಲಿ ಹಿರಿಯರ ಪರವಾಗಿ ಸ್ವಲ್ಪ ಉದಾರವಾಗಿ ಓದಬೇಕು ಎಂದಿತು. ಕೋರ್ಟಿನ ಉದಾರತೆ ನೆಚ್ಚಿಕೊಂಡು ಕೂರುವುದಕ್ಕಿಂತ ಕಾಗದದಲ್ಲಿ ಒಂದು ಸಾಲು ಬರೆಸುವುದು ಸುಲಭ ಅಲ್ವಾ? ಅರ್ಜಿ ಕೊಡಬೇಕಾದ್ದು ಆರ್‌ಡಿಒ (ಕಂದಾಯ ವಿಭಾಗದ ಅಧಿಕಾರಿ) ನಡೆಸುವ ಟ್ರಿಬ್ಯೂನಲ್ಲಿಗೆ. ಬರೀ ವಿಚಾರಿಸುವುದಿದ್ದರೆ 14567ಕ್ಕೆ ಫೋನ್ ಮಾಡಿ, ಅದು ಹಿರಿಯರದ್ದೇ ಸಹಾಯವಾಣಿ, ದುಡ್ಡು ಬೀಳುವುದಿಲ್ಲ. ಬರಹದ ಕಾಗದ ಮಲಯಾಳದಲ್ಲಿದ್ದು ನಿಮಗೆ ಓದಲು ಬಾರದಿದ್ದರೆ, ಪ್ರತಿ ಸಾಲನ್ನೂ ಕನ್ನಡದಲ್ಲಿ ಹೇಳಿಸಿಕೊಳ್ಳದೆ ಹೆಬ್ಬೆಟ್ಟಾಗಲಿ ಸಹಿಯಾಗಲಿ ಹಾಕಬೇಡಿ. ಅವಸರ ಮಾಡಿದರೆ ಎದ್ದು ಬನ್ನಿ. ಮಗಳಿಗೂ ಒಂದು ಮಾತು ಹೇಳಿ, ನೀವು ಬರೆದ ಪತ್ರದಲ್ಲಿ ಅವಳ ಅಭಿಪ್ರಾಯವೇ ಇಲ್ಲ.

ಮೇಲೆ ಹೇಳಿದ 122 ವರ್ಷದ ಆ ಫ್ರೆಂಚ್ ಅಜ್ಜಿಯ ಕಥೆ ಇಲ್ಲಿಗೂ ಸಲ್ಲುತ್ತದೆ. 90 ವರ್ಷವಾಗಿದ್ದಾಗ, 1965ರಲ್ಲಿ, ಒಬ್ಬ ವಕೀಲರ ಜೊತೆ ಕರಾರು ಮಾಡಿಕೊಂಡರು. ತಾನು ಬದುಕಿರುವವರೆಗೆ ವಕೀಲರು ತಿಂಗಳಿಗೆ 2500 ಫ್ರಾಂಕ್ ಕೊಡುವುದು, ಸತ್ತ ಮೇಲೆ ಮನೆ ಅವರದು. ವಕೀಲರಿಗೆ ಆಗ 40ರ ಮೇಲೆ, ಒಳ್ಳೆಯ ವ್ಯಾಪಾರ ಎಂದುಕೊಂಡಿರಬೇಕು. 30 ವರ್ಷ ಕೊಟ್ಟರು, 1995ರಲ್ಲಿ ಅವರೇ ತೀರಿಕೊಂಡರು, ಅಜ್ಜಿ ಇನ್ನೂ ಇದ್ದರು, ಉಳಿದ ಕಂತನ್ನು ವಕೀಲರ ಹೆಂಡತಿ ಕಟ್ಟಿದರು. ಮನೆ ಅಜ್ಜಿಯ ಕೈಯಲ್ಲೇ ಇತ್ತು.

ಪ್ರಶ್ನೆ: ಅತ್ತೆಗೆ 86. ದಿನಕ್ಕೆ ಎಷ್ಟೋ ಸಲ "ದೇವರು ನನ್ನನ್ನು ಕೊಂಡೋಗುವುದಿಲ್ಲವಲ್ಲ" ಎನ್ನುತ್ತಾರೆ. ಮೊದಮೊದಲು ಹಾಗೆಲ್ಲ ಹೇಳಬೇಡಿ ಎನ್ನುತ್ತಿದ್ದೆ. ಈಗ ಕೇಳಿಯೂ ಕೇಳದ ಹಾಗೆ ಇರುತ್ತೇನೆ. ಗಂಡನಿಗೆ 62, ಅವರಿಗೇ ಮಂಡಿ ನೋವು. ನನಗೆ 58. ನಾನು ಕೆಟ್ಟ ಸೊಸೆಯಾ? (ಉಪ್ಪಳ)

ಉತ್ತರ: ಅಲ್ಲ ಅಕ್ಕ. ಇಂಥದ್ದೇ ಪತ್ರ ಕುಂಬ್ಡಾಜೆಯಿಂದ ಒಬ್ಬ ಮಗನೂ ಬರೆದಿದ್ದಾರೆ, ಅಪ್ಪನಿಗೆ 88, ಅವರಿಗೂ 62. ನಮ್ಮ ಹಳೆಯ ಮಾತುಗಳಲ್ಲೆಲ್ಲ ಮುದುಕರನ್ನು ನೋಡಿಕೊಳ್ಳುವವರು ಎಳೆಯರು. ಈಗ ಮುದುಕರನ್ನು ನೋಡಿಕೊಳ್ಳುವವರೂ ಮುದುಕರೇ, ಆದರೆ ನೆಂಟರು ಈಗಲೂ ಸೊಸೆಗೆ 25 ವರ್ಷ ಎನ್ನುವ ಹಾಗೆಯೇ ಮಾತಾಡುತ್ತಾರೆ. ಆಚೆ ಊರಿನಿಂದ ಬಂದು ಒಂದು ದಿನ ಕೂತು "ಅತ್ತೆ ಸೊರಗಿದ್ದಾರಲ್ಲ" ಎಂದು ಹೇಳಿ ಹೋಗುವವರ ಮಾತಿಗೆ ಬೆಲೆ ಕೊಡಬೇಡಿ. ಬೇಕಾದರೆ ಅವರ ಮನೆಗೆ ಅತ್ತೆಯನ್ನು ಹದಿನೈದು ದಿನಕ್ಕೆ ಕಳುಹಿಸುವ ಮಾತೆತ್ತಿ ನೋಡಿ.

ಅತ್ತೆಯ ಮಾತಿಗೆ ಬರುತ್ತೇನೆ. ನಮ್ಮಲ್ಲಿ ವಯಸ್ಸಾದವರು ಹೀಗೆ ಹೇಳುವುದು ಸುಮ್ನೆ ಬಾಯಿಮಾತೂ ಆಗಿರಬಹುದು, ನಿಜವಾಗಿ ಬೇಸರ ಹೆಚ್ಚಿಯೂ ಇರಬಹುದು. ಇತ್ತೀಚೆಗೆ ಶುರುವಾದದ್ದಾ, ಊಟ ಬಿಟ್ಟಿದ್ದಾರಾ, ರಾತ್ರಿ ಎದ್ದು ಕೂರುತ್ತಾರಾ, ಇಷ್ಟವಿದ್ದ ಭಜನೆ ಟಿವಿ ಎಲ್ಲ ಬೇಡ ಅನ್ನುತ್ತಾರಾ ನೋಡಿ. ಹೌದಾದರೆ ಅದು ಬರೀ ವಯಸ್ಸಲ್ಲ, ಖಿನ್ನತೆ ಇರಬಹುದು. ಅದಕ್ಕೆ 86ರಲ್ಲೂ ಔಷಧಿ ಉಂಟು. ಒಮ್ಮೆಗೇ ಮಂಕಾದರೆ, ಅರೆಬರೆ ಮಾತಾಡಿದರೆ ಸೋಡಿಯಂ ಇಳಿದಿರಬಹುದು, ಮೂತ್ರದ ಸೋಂಕು ಇರಬಹುದು, ಅವತ್ತೇ ತೋರಿಸಿ. ಕಿವಿ ಕೇಳಿಸುತ್ತದಾ ಎಂದೂ ನೋಡಿ. ಮನೆಯಲ್ಲಿ ಎಲ್ಲರೂ ಮಾತಾಡುವಾಗ ಒಬ್ಬರಿಗೆ ಏನೂ ಕೇಳಿಸದೆ ಹೋದರೆ ಅವರಿಗೆ ದೇವರೊಬ್ಬನೇ ಮಾತಾಡಲು ಉಳಿಯುವುದು.

ಹಾಸಿಗೆ ಹಿಡಿದವರಿದ್ದರೆ ಪಂಚಾಯತಿನ ಪಾಲಿಯೇಟಿವ್ (ನೋವು ತಗ್ಗಿಸುವ ಆರೈಕೆಯ) ನರ್ಸು ಮನೆಗೇ ಬರುತ್ತಾರೆ, ಆಶಾ ಕಾರ್ಯಕರ್ತೆಗೆ ಹೇಳಿ ಹೆಸರು ಬರೆಸಿ. ಬರುವವರಿಗೆ ಮಲಯಾಳ ಮಾತ್ರ ಗೊತ್ತಿದ್ದು ಅತ್ತೆಗೆ ತುಳು, ಕನ್ನಡ ಮಾತ್ರ ಬರುತ್ತಿದ್ದರೆ ನೀವು ಪಕ್ಕದಲ್ಲೇ ಇರಿ. "ಎದೆ ಉರಿ", "ಎದೆ ನೋವು", "ಎದೆ ಒತ್ತಿದ ಹಾಗೆ" ಮೂರೂ ಬೇರೆ ಬೇರೆ, ನಡುವೆ ಹೇಳುವವರು ಇಲ್ಲದಿದ್ದರೆ ಮೂರಕ್ಕೂ ಒಂದೇ ಮಾತ್ರೆ ಸಿಗುತ್ತದೆ. ಇನ್ನು ನಿಮ್ಮ ಮತ್ತು ನಿಮ್ಮ ಯಜಮಾನರ ಬಿಪಿ ನೋಡಿಸಿ ಎಷ್ಟು ಸಮಯವಾಯಿತು? ಅತ್ತೆಯನ್ನು ಕರೆದುಕೊಂಡು ಹೋದ ದಿನವೇ ನೀವಿಬ್ಬರೂ ನೋಡಿಸಿಕೊಂಡು ಬನ್ನಿ.

ಮುಂದಿನ ಸಲ ಅವರು ಹಾಗೆ ಹೇಳಿದಾಗ "ಯಾಕೆ, ಇವತ್ತು ಎಲ್ಲಿ ನೋಯುತ್ತದೆ?" ಎಂದು ಕೇಳಿ ನೋಡಿ. ಕೆಲವು ಸಲ ಉತ್ತರ ಬೆನ್ನು, ಕೆಲವು ಸಲ ದೊಡ್ಡ ಮಗ ಫೋನ್ ಮಾಡದಿರುವುದು.

ಪ್ರಶ್ನೆ: ನನಗೆ 67. ಮಗನಿಗೆ 36, ಎಂಡೋಸಲ್ಫಾನ್ ಕೀಟನಾಶಕದ ಸಂತ್ರಸ್ತರ ಪಟ್ಟಿಯಲ್ಲಿರುವವನು. ನಡೆಯಲಾರ, ಮಾತಿಲ್ಲ, ಬುದ್ಧಿ ಬೆಳೆದಿಲ್ಲ. ಎಲ್ಲರೂ ಆಯುಷ್ಯ ಕೇಳುತ್ತಾರೆ. ನಾನು ಅವನಿಗಿಂತ ಒಂದು ದಿನ ಜಾಸ್ತಿ ಕೇಳುತ್ತೇನೆ. ಅದು ಪಾಪವಾ? (ಎಣ್ಮಕಜೆ)

ಉತ್ತರ: ಪಾಪವಲ್ಲ ಅಮ್ಮಾ. ಗೇರು ತೋಟದ ಮೇಲೆ ಹೆಲಿಕಾಪ್ಟರಿನಿಂದ 2000ದವರೆಗೆ ವಿಷ ಸುರಿದದ್ದು ನೀವಲ್ಲ. ಇದಕ್ಕೆ ಸಮಾಧಾನ ಹೇಳುವ ಯೋಗ್ಯತೆ ನನಗಿಲ್ಲ, ಮಾಡಬಹುದಾದ ಕೆಲಸಗಳನ್ನು ಮಾತ್ರ ಹೇಳುತ್ತೇನೆ.

ಮಗನಿಗೆ 18 ದಾಟಿದ ಮೇಲೆ ಕಾನೂನಿನ ಕಣ್ಣಿಗೆ ಹೆತ್ತ ತಾಯಿಯೂ ತಾನಾಗಿಯೇ ಪೋಷಕಿ ಆಗುವುದಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾನೂನಿನಲ್ಲಿ ಇಂಥ ಮಕ್ಕಳಿಗೆ ಪೋಷಕರನ್ನು ನೇಮಿಸುವ ಸಮಿತಿ ಪ್ರತಿ ಜಿಲ್ಲೆಯಲ್ಲಿರುತ್ತದೆ, ಜಿಲ್ಲಾಧಿಕಾರಿ ಅದರಲ್ಲಿರುತ್ತಾರೆ. ಈಗ ನಿಮ್ಮ ಹೆಸರಿನಲ್ಲಿ ಆದೇಶ ಮಾಡಿಸಿಕೊಳ್ಳಿ. ನಿಮ್ಮ ನಂತರ ಯಾರು ಎಂಬುದನ್ನೂ ಈಗಲೇ ಅವರ ಹತ್ತಿರ ಮಾತಾಡಿ, ನೀವು ಒಪ್ಪುವವರ ಹೆಸರು ಕಾಗದದಲ್ಲಿರಲಿ. ಅದೇ ಟ್ರಸ್ಟಿನ ನಿರಾಮಯ ವಿಮೆಯಲ್ಲಿ ವರ್ಷಕ್ಕೆ ಒಂದು ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ ರಾಜ್ಯದ ಆಶ್ವಾಸಕಿರಣಂ ಎಂಬ ಸಹಾಯಧನ ಉಂಟು, ದೊಡ್ಡ ಮೊತ್ತವಲ್ಲ, ಸಮಯಕ್ಕೆ ಸರಿಯಾಗಿ ಬರುತ್ತದೆ ಎಂದು ಮಾತು ಕೊಡಲಾರೆ, ಆದರೂ ಅರ್ಜಿ ಹಾಕಿಡಿ. ಐದು ಲಕ್ಷದ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟು 2017ರ ಜನವರಿಯಲ್ಲೇ ಹೇಳಿದೆ. ಬಂದಿದ್ದರೆ ಆ ದುಡ್ಡನ್ನು ಯಾರ ಮದುವೆಗೂ ಸಾಲ ಕೊಡಬೇಡಿ. ಮಗನಿಗೆ ಏನು ತಿನ್ನಿಸಬೇಕು, ಯಾವ ಮಾತ್ರೆ ಯಾವ ಹೊತ್ತಿಗೆ, ಯಾವ ಶಬ್ದಕ್ಕೆ ಹೆದರುತ್ತಾನೆ, ಯಾವ ಬದಿಗೆ ಮಲಗಿಸಿದರೆ ನಿದ್ದೆ ಬರುತ್ತದೆ, ಇದೆಲ್ಲ ನಿಮಗೆ ಮಾತ್ರ ಗೊತ್ತು. ಯಾರಿಂದಾದರೂ ಒಂದು ನೋಟ್ ಪುಸ್ತಕದಲ್ಲಿ ಬರೆಸಿಡಿ.

ಪ್ರಶ್ನೆ: ನಮ್ಮ ಅಜ್ಜಿಗೆ 105 ಎಂದು ಮನೆಯಲ್ಲಿ ಹೇಳುತ್ತಾರೆ. ಆಧಾರಿನಲ್ಲಿ 1932ರ ಜನವರಿ 1 ಎಂದಿದೆ. ನಿಜ ವಯಸ್ಸು ಕಂಡುಹಿಡಿಯುವುದು ಹೇಗೆ? ಪೆನ್ಶನಿಗೂ ಇದರಿಂದ ತೊಂದರೆಯಾ? (ಬೇಳ)

ಉತ್ತರ: ಹುಟ್ಟಿದ ದಿನ ಗೊತ್ತಿಲ್ಲದವರಿಗೆಲ್ಲ ಜನವರಿ 1 ಬರೆಯುವುದು ನಮ್ಮ ಕಡೆ ಮಾಮೂಲು. ಅಜ್ಜಿಯನ್ನು ವಯಸ್ಸು ಕೇಳಬೇಡಿ, ಘಟನೆ ಕೇಳಿ. ಕಯ್ಯೂರಿನ ರೈತರ ಗಲಾಟೆ 1941ರಲ್ಲಿ, ನಾಲ್ವರನ್ನು ಗಲ್ಲಿಗೆ ಹಾಕಿದ್ದು 1943ರ ಮಾರ್ಚಿನಲ್ಲಿ. ಆಗ ಮದುವೆಯಾಗಿತ್ತಾ? ಯುದ್ಧದ ಕಾಲದ ರೇಷನ್ ಅಕ್ಕಿಗೆ ಸಾಲು ನಿಂತದ್ದು ಅವರೇ, ಅಥವಾ ಅವರ ಅಮ್ಮನಾ? 1956ರ ನವೆಂಬರಿನಲ್ಲಿ ಕಾಸರಗೋಡು ಕೇರಳಕ್ಕೆ ಹೋದಾಗ ಸೊಂಟದಲ್ಲಿ ಯಾವ ಮಗು ಇತ್ತು?

ಹಿರಿಯ ಮಗನಿಗೆ 71 ಎಂದು ನೀವು ಬರೆದಿದ್ದೀರಿ. ಅಜ್ಜಿಗೆ 105 ಆದರೆ ಚೊಚ್ಚಲ ಹೆರಿಗೆ 34ಕ್ಕೆ. ಆ ಕಾಲಕ್ಕೆ ಅದು ತೀರಾ ತಡ. ಮೊದಲು ಹುಟ್ಟಿ ಹೋದ ಮಕ್ಕಳು ಇದ್ದರಾ ಎಂದು ಮೆಲ್ಲಗೆ ಕೇಳಿ. ಇಲ್ಲದಿದ್ದರೆ 90ರ ಆಸುಪಾಸು ಎಂಬ ಆಧಾರಿನ ಲೆಕ್ಕವೇ ಸರಿ ಇರಬಹುದು, ನೆಂಟರಿಗೆ ಬೇಜಾರಾದೀತು.

ಪೆನ್ಶನಿಗೆ ತೊಂದರೆ ಇಲ್ಲ, ಆಧಾರಿನ ಲೆಕ್ಕದಲ್ಲೂ 60 ಯಾವಾಗಲೋ ದಾಟಿದೆ. ಆದರೆ ಕೇರಳದಲ್ಲಿ ಬದುಕಿದ್ದಾರೆಂದು ತೋರಿಸುವ ಮಸ್ಟರಿಂಗ್ ಮಾಡಿಸಲೇಬೇಕು, ಸರಕಾರಿ ಆನ್‌ಲೈನ್ ಸೇವೆ ಕೊಡುವ ಅಕ್ಷಯ ಕೇಂದ್ರದಲ್ಲಿ. ಬೀಡಿ ಕಟ್ಟಿ, ಸೊಪ್ಪು ಕಡಿದು ಬೆರಳಿನ ಗೆರೆ ಅಳಿಸಿ ಹೋಗಿದ್ದರೆ ಕಣ್ಣಿನ ಗುರುತು ಹಿಡಿಯಬಹುದಾ ಎಂದು ಕೇಳಿ. ಅಜ್ಜಿ ಎದ್ದು ಬರಲಾರದಿದ್ದರೆ ರಿಕ್ಷಾದಲ್ಲಿ ಎತ್ತಿಕೊಂಡು ಹೋಗಬೇಡಿ, ಮೊದಲೇ ತಿಳಿಸಿದರೆ ಅಕ್ಷಯದವರು ಮನೆಗೆ ಬರುತ್ತಾರೆ. ಕೊನೆಯ ದಿನಾಂಕದವರೆಗೆ ಕಾಯಬೇಡಿ, ಆ ವಾರ ಸರ್ವರ್ ಇರುವುದಿಲ್ಲ.